ಹಳೆಯ ಡೀಸೆಲ್ ಕಾರಿನ ಜಮಾ-ಖರ್ಚು

ಇತಿಹಾಸವೆಂದೊಡನೆ ನಮ್ಮ ಸೀಮೆಯವರಿಗೆ ನೆನಪಾಗುವುದು ದೇವನಹಳ್ಳಿಯ ಕೋಟೆ, ಟಿಪ್ಪು ಸುಲ್ತಾನ ಹುಟ್ಟಿದ ಸ್ಥಳ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸಮಾಜ ವಿಜ್ಞಾನ ಬೋಧಿಸಿದ ನಾನೂ ಮಕ್ಕಳಿಗೆ ಅದನ್ನೇ ಹೇಳುತ್ತ ಬಂದವನು. ಆದರೆ ಒಂದು ಊರಿನ ಮನೆಗಳಿಗೆ ಹಣ ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಸೋರಿಹೋಯಿತು ಎಂಬುದೂ ಇತಿಹಾಸವೇ. ಅದನ್ನು ಪಠ್ಯಪುಸ್ತಕ ಬರೆಯುವುದಿಲ್ಲ. ಬೂದಿಗೆರೆಯಂತಹ ಊರಿನಲ್ಲಿ ಹಾಗೆ ಹಣ ಸೋರಿದ, ಕೆಲವರಿಗೆ ಹಣ ಉಳಿಸಿಯೂ ಕೊಟ್ಟ ಒಂದು ವಸ್ತುವೆಂದರೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು. ಅದರ ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ತಮ್ಮ ತಮ್ಮ ಕಾರುಗಳ ವಿಷಯವಾಗಿ ಸಲಹೆ ಕೇಳಿದ್ದು ಇದಕ್ಕೆ ನೆಪವಾಯಿತು.

ಡೀಸೆಲ್ ಎಂಜಿನ್ನು ನಮ್ಮ ಹಳ್ಳಿಗಳಿಗೆ ಕಾರಿನ ರೂಪದಲ್ಲಿ ಬರಲಿಲ್ಲ. ಮೊದಲು ಬಂದದ್ದು ರಾಗಿ ಬೀಸುವ ಗಿರಣಿಯಾಗಿ, ಬಾವಿಯ ನೀರೆತ್ತುವ ಪಂಪ್‌ಸೆಟ್ ಆಗಿ, ಸಂತೆಗೆ ಮೂಟೆ ಹೊರುವ ಲಾರಿಯಾಗಿ. ಗಿರಣಿಯ ಕೊಳವೆಯಿಂದ ಹೊರಡುತ್ತಿದ್ದ ಟುಕ್ ಟುಕ್ ಸದ್ದು ನನ್ನ ವಯಸ್ಸಿನವರ ಕಿವಿಯಲ್ಲಿ ಇಂದಿಗೂ ಇದೆ. ಹಾಗಾಗಿ ಈ ಭಾಗದ ಮೊದಲ ತಲೆಮಾರಿನ ಕಾರು ಮೆಕ್ಯಾನಿಕ್‌ಗಳು ಯಾವ ತರಬೇತಿ ಸಂಸ್ಥೆಯಲ್ಲೂ ಕಲಿತವರಲ್ಲ. ಪಂಪ್‌ಸೆಟ್ಟಿನ ನಾಜಲ್ ಬಿಚ್ಚಿ ಕಲಿತವರು. ಇದನ್ನು ಕೀಳಾಗಿ ಕಾಣಬೇಕಾದದ್ದಿಲ್ಲ, ಡೀಸೆಲ್ ಎಂಜಿನ್ನಿನ ಮರ್ಮ ಇರುವುದೇ ಅಲ್ಲಿ.

ಆ ಮರ್ಮವನ್ನು ತುಸು ವಿವರಿಸುತ್ತೇನೆ, ಮುಂದಿನ ಖರ್ಚಿನ ಲೆಕ್ಕ ಅರ್ಥವಾಗಲು ಅದು ಬೇಕು. ಜರ್ಮನಿಯ ರುಡಾಲ್ಫ್ ಡೀಸೆಲ್ 1892ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ, 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆಯುವ ಎಂಜಿನ್ನನ್ನು ತೋರಿಸಿದ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಇಂಧನ ಹೊತ್ತಿಸುತ್ತಾರೆ. ಇಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಇಪ್ಪತ್ತನೆಯ ಒಂದು ಭಾಗದಷ್ಟು ಜಾಗಕ್ಕೆ ಅದುಮಿದಾಗ ಅದು ಕೆಂಡದಂತೆ ಕಾಯುತ್ತದೆ. ಆ ಕಾದ ಗಾಳಿಗೆ ಸರಿಯಾದ ಕ್ಷಣದಲ್ಲಿ, ಸರಿಯಾದ ಅಳತೆಯಲ್ಲಿ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಕೆಲಸ ಪಂಪು ಮತ್ತು ನಾಜಲ್‌ಗಳದು. ಪಂಪಿನೊಳಗಿನ ಪ್ಲಂಜರ್‌ಗೂ ಅದರ ಕೊಳವೆಗೂ ನಡುವೆ ಇರುವ ಸಂದು ಕೂದಲೆಳೆಗಿಂತಲೂ ಎಷ್ಟೋ ಪಾಲು ಸಣ್ಣದು. ಅಷ್ಟು ನಾಜೂಕಾದ ಪಂಪನ್ನು ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಅಲ್ಲಿಯವರೆಗೆ ಬಹುಮಟ್ಟಿಗೆ ಹಡಗಿಗೂ ಕಾರ್ಖಾನೆಗೂ ಮೀಸಲಾಗಿದ್ದ ಎಂಜಿನ್ನು ರಸ್ತೆಯ ಮೇಲೆ ವ್ಯಾಪಕವಾಗಿ ಹರಡಲು ಸಾಧ್ಯವಾದದ್ದು ಆಮೇಲೆ. 1936ರಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಬಂತು. ರುಡಾಲ್ಫ್ ಡೀಸೆಲ್ ಅದನ್ನು ನೋಡಲಿಲ್ಲ. 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದವನ ಶವವಷ್ಟೇ ಮುಂದೆ ಸಮುದ್ರದಲ್ಲಿ ಸಿಕ್ಕಿತು.

ಇದೇ ಬಾಷ್ ಕಂಪನಿಯ ಭಾರತೀಯ ಕೊಂಬೆ ನಮ್ಮ ಬೆಂಗಳೂರಿನಲ್ಲಿ ಬೇರುಬಿಟ್ಟಿತೆಂಬುದು ಕನ್ನಡಿಗರಿಗೆ ಗೊತ್ತಿರಬೇಕಾದ ಸಂಗತಿ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಲ್ಲರ ಬಾಯಲ್ಲಿ 'ಮೈಕೋ', ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. ದೇಶದ ಲಾರಿ, ಟ್ರ್ಯಾಕ್ಟರು, ಬಸ್ಸುಗಳ ಎದೆಯಲ್ಲಿ ಬಡಿಯುತ್ತಿದ್ದದ್ದು ಬಹುಮಟ್ಟಿಗೆ ಆಡುಗೋಡಿಯ ಪಂಪು ಎಂದರೆ ಅತಿಶಯೋಕ್ತಿಯಲ್ಲ. ಮೈಕೋದಲ್ಲಿ ಕೆಲಸವಿದೆ ಎಂದರೆ ಆ ಕಾಲಕ್ಕೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಬಡಾವಣೆಯೊಂದಕ್ಕೆ ಮಾತ್ರ ಮೈಕೋ ಲೇಔಟ್ ಎಂಬ ಹೆಸರು ಉಳಿಯಿತು.

ಇನ್ನು ಕಾರಿನ ವಿಷಯ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು. ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್ಲಿಗೆ ಸುಮಾರು 3 ಡಾಲರ್‌ನಿಂದ 12ರ ಹತ್ತಿರಕ್ಕೆ ಏರಿತು. 1979ರಲ್ಲಿ ಇರಾನಿನ ಕ್ರಾಂತಿಯಿಂದ ಮತ್ತೊಮ್ಮೆ ಏರಿತು. ಪೆಟ್ರೋಲು ಶ್ರೀಮಂತರ ಇಂಧನವೆಂದು ಅದರ ಮೇಲೆ ತೆರಿಗೆ ಹೇರಿ, ಬಸ್ಸಿಗೂ ಲಾರಿಗೂ ರೈತನ ಪಂಪಿಗೂ ಬೇಕಾದ ಡೀಸೆಲನ್ನು ಅಗ್ಗವಾಗಿ ಇಡುವುದು ನಮ್ಮ ಸರ್ಕಾರಗಳ ನೀತಿಯಾಗಿತ್ತು. ಈ ಬೆಲೆ ವ್ಯತ್ಯಾಸವೇ ಡೀಸೆಲ್ ಕಾರಿನ ಜನ್ಮಕ್ಕೆ ಕಾರಣ. 1980ರ ಸುಮಾರಿಗೆ ಅಂಬಾಸಿಡರ್ ಕಾರು 1,489 ಸಿಸಿಯ ಡೀಸೆಲ್ ಎಂಜಿನ್ನಿನೊಂದಿಗೆ ಮಾರುಕಟ್ಟೆಗೆ ಬಂತು. ಅದರ ಬಲ ನಲವತ್ತು ಅಶ್ವಶಕ್ತಿಗೂ ಕಡಿಮೆ. ನಂದಿಬೆಟ್ಟದ ತಿರುವುಗಳಲ್ಲಿ ಅದು ಏರುವುದನ್ನು ನೋಡಿದವರಿಗೆ ಎತ್ತಿನ ನೆನಪಾದರೆ ತಪ್ಪಲ್ಲ. ಆದರೂ ಟ್ಯಾಕ್ಸಿಯವರು ಮುಗಿಬಿದ್ದರು. ಹೊಸದಕ್ಕೆ ಕೈಯೆಟಕದವರು ಹಳೆಯ ಪೆಟ್ರೋಲ್ ಅಂಬಾಸಿಡರಿನ ಎಂಜಿನ್ ಕಳಚಿ ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿಕೊಳ್ಳುತ್ತಿದ್ದರು. ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ನು, ಜೆ.ಸಿ. ರಸ್ತೆಯಲ್ಲಿ ಮಿಕ್ಕ ಬಿಡಿಭಾಗ, ಹೊಸಕೋಟೆಯ ಗ್ಯಾರೇಜಿನಲ್ಲಿ ಜೋಡಣೆ. ಹೀಗೆ ಸಿದ್ಧವಾದ ಕಾರಿನ ಆರ್‌ಸಿ ಪುಸ್ತಕದಲ್ಲಿ ಇರುವ ಎಂಜಿನ್ ನಂಬರು ಒಂದು, ಬಾನೆಟ್ಟಿನ ಕೆಳಗಿನದು ಇನ್ನೊಂದು ಆಗಿರುತ್ತಿದ್ದದ್ದೂ ಉಂಟು. ಹಳೆಯ ಕಾರು ಕೊಳ್ಳುವವರು ಮೊದಲು ಈ ನಂಬರನ್ನು ತಾಳೆ ನೋಡಬೇಕೆಂಬ ಬುದ್ಧಿವಾದ ಆಗ ಹುಟ್ಟಿದ್ದು.

ಇಂತಹ ಕಾರುಗಳ ಕಾಯಿಲೆಗಳನ್ನು ನಾನು ಕಂಡದ್ದು ಹೆಚ್ಚಾಗಿ ಹೊಸಕೋಟೆಯ ಒಬ್ಬ ಸಾಹೇಬರ ಗ್ಯಾರೇಜಿನಲ್ಲಿ. ನಮ್ಮ ಮನೆಗೆ 1999ರಲ್ಲಿ ಏಳು ವರ್ಷದ ಹಳೆಯ ಡೀಸೆಲ್ ಕಾರೊಂದು ಬಂದಿತ್ತು (ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ). ಹನ್ನೆರಡು ವರ್ಷ ಅದು ನಮ್ಮ ಜೊತೆಗಿತ್ತು. ಮಾಘದ ಬೆಳಗುಗಳಲ್ಲಿ ನಮ್ಮ ಬಯಲುಸೀಮೆಯ ಚಳಿ ನಿಮಗೆ ಗೊತ್ತಿರುವುದೇ. ಸಿಲಿಂಡರಿನ ಒಳಗನ್ನು ಮುಂಚೆಯೇ ಬಿಸಿಮಾಡುವ ಹೀಟರ್ ಪ್ಲಗ್ಗು ಸುಟ್ಟಿದ್ದರೆ ಅಂದು ಕಾರು ಏಳುವುದಿಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಬರಿದಾಗುತ್ತದೆ. ಡೀಸೆಲ್ ಕಾರಿಗೆ ಬೇಕಾದ ಬ್ಯಾಟರಿ ಪೆಟ್ರೋಲ್ ಕಾರಿನದಕ್ಕಿಂತ ದೊಡ್ಡದು, ದುಬಾರಿ. ಹಳೆಯ ಕಾರಿನಲ್ಲಿ ಮೂರು ವರ್ಷಕ್ಕೊಮ್ಮೆ ಆ ಖರ್ಚು ತಪ್ಪಿದ್ದಲ್ಲ. 'ಮೇಷ್ಟ್ರೇ, ನೀವು ಬ್ಯಾಟರಿ ಬದಲಾಯಿಸೋದಕ್ಕೆ ಮೊದಲು ಪ್ಲಗ್ ನೋಡಿ' ಎಂದು ಸಾಹೇಬರು ಹೇಳುತ್ತಿದ್ದರು. ನೂರಿನ್ನೂರು ರೂಪಾಯಿಯ ಪ್ಲಗ್ಗಿಗೆ ಬದಲಾಗಿ ಸಾವಿರಾರು ರೂಪಾಯಿಯ ಬ್ಯಾಟರಿ ಹಾಕಿಸಿಕೊಂಡು ಬಂದವರನ್ನು ಅವರು ಬಹಳ ಕಂಡಿದ್ದರು.

ಎರಡನೆಯದು ಏರ್ ಲಾಕ್. ಟ್ಯಾಂಕು ಪೂರ್ತಿ ಬರಿದಾಗಲು ಬಿಟ್ಟರೆ ಅಥವಾ ಹಳೆಯ ರಬ್ಬರ್ ಪೈಪು ಬಿರಿದರೆ ಎಣ್ಣೆಯ ದಾರಿಗೆ ಗಾಳಿ ನುಗ್ಗುತ್ತದೆ. ಗಾಳಿ ಅದುಮಿಸಿಕೊಳ್ಳುವುದರಿಂದ ಪಂಪಿನ ಒತ್ತಡ ನಾಜಲ್‌ಗೆ ತಲುಪುವುದಿಲ್ಲ. ಆಗ ಕೈಪಂಪು ಒತ್ತಿ, ಒಂದೊಂದೇ ಜೋಡಣೆಯನ್ನು ಸಡಿಲಿಸಿ, ನೊರೆ ನಿಂತು ಶುದ್ಧ ಎಣ್ಣೆ ಬರುವವರೆಗೆ ಗಾಳಿ ತೆಗೆಯಬೇಕು. ಇದನ್ನು ನಾನೂ ಕಲಿತೆ. ಮದುವೆಗೆ ಹೊರಟ ಬಟ್ಟೆಯಲ್ಲೇ ಮಂಡೂರಿನ ಬಳಿ ಒಮ್ಮೆ ಮಾಡಿದ್ದೂ ಉಂಟು.

ಹೊಗೆಯ ಬಣ್ಣವಂತೂ ವೈದ್ಯರು ನಾಲಿಗೆ ನೋಡಿದ ಹಾಗೆ. ಕಪ್ಪು ಹೊಗೆಯೆಂದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದೆ. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗು ಸವೆದಿದೆ. ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ಶಂಕಿಸಬೇಕು. ಕಾರು ಕೊಳ್ಳಲು ಹೋದಾಗ ಎಂಜಿನ್ ಓಡುತ್ತಿರುವಂತೆಯೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುವ ಪದ್ಧತಿಯೂ ಇದೆ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಅದಕ್ಕೆ 'ಬ್ಯಾಕ್ ಕಂಪ್ರೆಷನ್' ಎನ್ನುತ್ತಾರೆ. ಎಂಜಿನ್ ಬಿಚ್ಚಿ, ಲೇತಿನಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗು ಕೂರಿಸುವ ಕಾಲ ಬಂದಿದೆ ಎಂದರ್ಥ. ಕಾರಿನ ಬೆಲೆಯಲ್ಲಿ ಅಷ್ಟನ್ನೂ ಕಳೆದು ಮಾತಾಡಬೇಕು. ಪೇಂಟು, ಸೀಟು, ಟೇಪ್ ರೆಕಾರ್ಡರು ನೋಡಿ ಬೆಲೆ ಕಟ್ಟುವವರು ಈ ಮುಚ್ಚಳದ ಕಡೆ ತಿರುಗಿಯೂ ನೋಡುವುದಿಲ್ಲ.

ಆದರೆ ಹಳೆಯ ಡೀಸೆಲ್ ಕಾರನ್ನು ಕೊಂದದ್ದು ವಯಸ್ಸಿಗಿಂತ ಹೆಚ್ಚಾಗಿ ಸೀಮೆಎಣ್ಣೆ. ಪಡಿತರದ ಸೀಮೆಎಣ್ಣೆಯ ಬೆಲೆ 2005ರ ಸುಮಾರಿಗೆ ಡೀಸೆಲಿನ ಮೂರನೆಯ ಒಂದು ಭಾಗದಷ್ಟಿತ್ತು. ಬಡವರ ಬುಡ್ಡಿದೀಪಕ್ಕೆಂದು ಕೊಟ್ಟ ಎಣ್ಣೆ ಟ್ಯಾಂಕರುಗಳ ಮೂಲಕ ಬಂಕುಗಳ ತೊಟ್ಟಿ ಸೇರುತ್ತಿತ್ತು. ಕಾರು ಅದರಲ್ಲೂ ಓಡುತ್ತದೆ, ಅದೇ ಅಪಾಯ. ಡೀಸೆಲ್ ಪಂಪಿಗೆ ಬೇರೆ ಜಿಡ್ಡಿಲ್ಲ, ಅದರೊಳಗೆ ಹರಿಯುವ ಡೀಸೆಲೇ ಜಿಡ್ಡು. ಸೀಮೆಎಣ್ಣೆ ತೆಳು, ಜಿಡ್ಡು ಸಾಲದು. ಪ್ಲಂಜರು ಒಣಗಿ ಉಜ್ಜಿ ಸವೆಯುತ್ತದೆ. ಆರು ತಿಂಗಳ ಮೇಲೆ ಬೆಳಗ್ಗೆ ಎದ್ದೇಳದ ಕಾರು, ಪಂಪ್ ಅಂಗಡಿಯವರ ಟೆಸ್ಟ್ ಬೆಂಚು, ಕ್ಯಾಲಿಬ್ರೇಷನ್ನು, ಹೊಸ ನಾಜಲ್ಲು. ಲೀಟರಿಗೆ ಕೆಲವು ರೂಪಾಯಿ ಯಾರೋ ಜೇಬಿಗಿಳಿಸಿದ್ದಕ್ಕೆ ಸಾವಿರಾರು ರೂಪಾಯಿ ತೆತ್ತವನು ಕಾರಿನ ಮಾಲೀಕ. ಬಂಕಿನವನನ್ನು ಕೇಳುವಂತಿಲ್ಲ, ಪುರಾವೆ ಉರಿದು ಹೊಗೆಯಾಗಿರುತ್ತದೆ.

ಇದನ್ನು ಕೇಳಿದವನೊಬ್ಬನಿದ್ದ. ಬೂದಿಗೆರೆ ಕ್ರಾಸಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಸಿಗುವ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಷಣ್ಮುಗಂ ಮಂಜುನಾಥ್. ಮೈಸೂರಿನ ಎಸ್‌ಜೆಸಿಇ ಕಾಲೇಜಿನಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿ, ಇಂಡಿಯನ್ ಆಯಿಲ್ ಕಾರ್ಪೊರೇಷನ್ನಿನಲ್ಲಿ ಅಧಿಕಾರಿಯಾಗಿದ್ದ ತರುಣ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್ 19ರಂದು ಅವನನ್ನು ಗುಂಡಿಕ್ಕಿ ಕೊಂದರು. ವಯಸ್ಸು 27. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2015ರಲ್ಲಿ ಎತ್ತಿಹಿಡಿಯಿತು. ನಾನು ಹತ್ತನೆಯ ತರಗತಿಯ ಪೌರನೀತಿ ಪಾಠದಲ್ಲಿ, ಪಠ್ಯದಲ್ಲಿ ಇಲ್ಲದಿದ್ದರೂ, ಅವನ ಹೆಸರನ್ನು ಪ್ರತಿವರ್ಷ ಹೇಳಿದ್ದೇನೆ. ಗಣಿ ಊರಿನ ಒಬ್ಬ ಹುಡುಗ ನಮ್ಮ ನಿಮ್ಮ ಟ್ಯಾಂಕಿನ ಎಣ್ಣೆ ಶುದ್ಧವಾಗಿರಲಿ ಎಂದು ಸತ್ತ ಎಂಬುದನ್ನು ಮಕ್ಕಳು ಸುಲಭವಾಗಿ ಮರೆಯುವುದಿಲ್ಲ.

ನಮ್ಮ ಕಾರಿನ ಖರ್ಚನ್ನು ನಾನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದೆ, ಮೇಷ್ಟ್ರ ಚಟ. 2006ನೇ ಇಸವಿಯ ಪುಟದಲ್ಲಿ ಡೀಸೆಲಿಗೆ ಸುಮಾರು 24,000 ರೂಪಾಯಿ. ಪಂಪು ಮತ್ತು ನಾಜಲ್ ಕೆಲಸ, ಕ್ಲಚ್ ಪ್ಲೇಟು, ಎರಡು ಟೈರು, ಟಿಂಕರಿಂಗ್, ವಿಮೆ ಸೇರಿ ಸುಮಾರು 19,000 ರೂಪಾಯಿ. ಮೈಲೇಜು ಲೀಟರಿಗೆ 15 ಕಿಲೋಮೀಟರು ಎಂದು ಎಲ್ಲರಿಗೂ ಹೇಳುತ್ತಿದ್ದೆವು. ಅದು ಸುಳ್ಳೇನಲ್ಲ. ಆದರೆ ಎಣ್ಣೆಗೆ ಕೊಟ್ಟ ಪ್ರತಿ ನೂರು ರೂಪಾಯಿಗೆ ಗ್ಯಾರೇಜು ಮೊದಲಾದವಕ್ಕೆ ಎಂಬತ್ತು ರೂಪಾಯಿ ಹೋಗಿತ್ತು ಎಂಬುದನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ. ಎಲ್ಲ ವರ್ಷವೂ ಹಾಗಿರಲಿಲ್ಲ. ಮುಂದಿನ ವರ್ಷ ರಿಪೇರಿ ಬಹಳ ಇಳಿದಿತ್ತು. ಹಳೆಯ ಡೀಸೆಲ್ ಕಾರಿನ ಸ್ವಭಾವವೇ ಇದು: ಎರಡು ವರ್ಷ ಸುಮ್ಮನಿದ್ದು ಮೂರನೆಯ ವರ್ಷ ಒಟ್ಟಿಗೆ ಕೇಳುತ್ತದೆ. ಕೈಯಲ್ಲಿ ಆಗ ಹಣವಿಲ್ಲದವನು ಕಾರನ್ನು ಸಿಕ್ಕಿದ ಬೆಲೆಗೆ ಮಾರುತ್ತಾನೆ.

ಈ ನಡುವೆ ಕಾಲ ಬದಲಾಗಿತ್ತು. 1998ರ ಕೊನೆಯಲ್ಲಿ ಟಾಟಾ ಇಂಡಿಕಾ, 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್ ಬಂದವು. ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಿಗೆ, ಕಾಲ್ ಸೆಂಟರ್‌ಗಳಿಗೆ ಹಗಲೂ ರಾತ್ರಿ ಜನರನ್ನು ಹೊತ್ತು ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಕಿಲೋಮೀಟರು ಓಡಿದ ಆ ವಾಹನಗಳು, ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಗಿ ಹಳ್ಳಿಗಳಿಗೆ ಬಂದವು. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವಲ್ಲ. ಆದರೆ ಕ್ಲಚ್ ಪೆಡಲಿನ ರಬ್ಬರು, ಸ್ಟೀರಿಂಗಿನ ಹೊಳಪು ಸುಳ್ಳು ಹೇಳುವುದಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ಹಳೇ ಮದ್ರಾಸ್ ರಸ್ತೆಯಿಂದ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಬೂದಿಗೆರೆ ರಸ್ತೆ ಒಳದಾರಿಯಾಯಿತು. ಎತ್ತಿನ ಗಾಡಿಗೆ ದಾರಿ ಬಿಡುತ್ತಿದ್ದ ರಸ್ತೆಯಲ್ಲಿ ಟ್ಯಾಕ್ಸಿಗಳ ಸಾಲು, ಅದರ ಜೊತೆಗೆ 2014ರ ಕೊನೆಯವರೆಗೂ ಮಂಡೂರಿಗೆ ನಗರದ ಕಸ ತರುತ್ತಿದ್ದ ಲಾರಿಗಳ ಸಾಲು. ಜಮೀನು ಮಾರಿದವರ ಮನೆ ಮುಂದೆ ಹೊಸ ಕಾರು, ಮಾರದವರ ಮನೆ ಮುಂದೆ ಹಳೆಯ ಕಾರು. ಎರಡೂ ಡೀಸೆಲ್ಲೇ.

ಏಕೆ ಡೀಸೆಲ್ಲೇ ಎಂಬುದಕ್ಕೆ ಒಂದು ಲೆಕ್ಕ ಸಾಕು. 2010ರ ಜೂನಿನಲ್ಲಿ ಪೆಟ್ರೋಲ್ ಬೆಲೆಯ ಮೇಲಿನ ನಿಯಂತ್ರಣವನ್ನು ಕೇಂದ್ರ ಸರ್ಕಾರ ತೆಗೆಯಿತು, ಡೀಸೆಲಿನದನ್ನು ಇಟ್ಟುಕೊಂಡಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲು 73 ರೂಪಾಯಿ ದಾಟಿದಾಗ ಡೀಸೆಲು 41 ರೂಪಾಯಿಯ ಆಸುಪಾಸಿನಲ್ಲಿತ್ತು. ಲೀಟರಿಗೆ 32 ರೂಪಾಯಿ ಅಂತರ! ಲೀಟರಿಗೆ 14 ಕಿಲೋಮೀಟರು ಓಡುವ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ ಐದು ರೂಪಾಯಿಗೂ ಮಿಕ್ಕಿ ತಗಲುವಾಗ, 18 ಓಡುವ ಡೀಸೆಲ್ ಕಾರಿಗೆ ಎರಡೂಕಾಲು ರೂಪಾಯಿ. ಆಗ ದೇಶದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಸುಮಾರು ಅರ್ಧದಷ್ಟು ಡೀಸೆಲ್ ಆಗಿದ್ದರೆ ಆಶ್ಚರ್ಯವೇನು? ರೈತನ ಹೆಸರಿನಲ್ಲಿ ಕೊಟ್ಟ ರಿಯಾಯಿತಿ ದೊಡ್ಡ ದೊಡ್ಡ ಕಾರುಗಳ ಟ್ಯಾಂಕು ಸೇರುತ್ತಿದೆ ಎಂದು ಕಿರೀಟ್ ಪಾರಿಖ್ ಸಮಿತಿ 2010ರಲ್ಲೇ ಆಕ್ಷೇಪಿಸಿ, ಡೀಸೆಲ್ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಹಾಕಲು ಸೂಚಿಸಿತ್ತು. ನನ್ನ ಮಟ್ಟಿಗೆ ಅದು ನ್ಯಾಯವಾದ ಮಾತೇ. 2013ರ ಜನವರಿಯಿಂದ ತಿಂಗಳಿಗೆ ಸುಮಾರು 50 ಪೈಸೆಯಂತೆ ಡೀಸೆಲ್ ಬೆಲೆ ಏರಿಸುತ್ತ ಬಂದು, 2014ರ ಅಕ್ಟೋಬರಿನಲ್ಲಿ ನಿಯಂತ್ರಣ ಪೂರ್ತಿ ಹೋಯಿತು. 2020ರ ಜೂನಿನಲ್ಲಿ ದೆಹಲಿಯಲ್ಲಿ ಡೀಸೆಲ್ ಬೆಲೆ ಪೆಟ್ರೋಲನ್ನೂ ಮೀರಿತು. ಅದೇ ವರ್ಷದ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದು, ಮಾರುತಿ ಕಂಪನಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು.

ಈಗ ನನ್ನ ವಿದ್ಯಾರ್ಥಿಗಳ ಪ್ರಶ್ನೆಗೆ ಬರುತ್ತೇನೆ. 2011, 2012ರಲ್ಲಿ ಮಾರಾಟವಾದ ಆ ಡೀಸೆಲ್ ಕಾರುಗಳಿಗೆ ಈಗ ಹದಿನೈದು ವರ್ಷ ತುಂಬುವ ಹೊತ್ತು. ಮೊದಲ ಮಾಲೀಕರು ಎಂದೋ ಕೈತೊಳೆದುಕೊಂಡಿದ್ದಾರೆ. ಮೂರನೆಯ, ನಾಲ್ಕನೆಯ ಕೈ ಆಗಿ ಅವು ನಮ್ಮಂತಹ ಊರುಗಳಲ್ಲಿವೆ. ಹದಿನೈದು ವರ್ಷವಾದ ಮೇಲೆ ಎಫ್‌ಸಿ ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ಮೀರಿದವಕ್ಕೆ 2025ರ ಆಗಸ್ಟಿನಿಂದ 10,000. ಅದರ ಮೇಲೆ ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ. ದೆಹಲಿ ಸೀಮೆಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ 2015ರಿಂದ ಹಸಿರು ನ್ಯಾಯಮಂಡಳಿ ಹೇರಿದ ನಿರ್ಬಂಧ ಕರ್ನಾಟಕದಲ್ಲಿ ಇಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಅನೇಕರು ಸುಮ್ಮನೆ ಗಾಬರಿಯಾಗಿದ್ದಾರೆ.

ಈ ಪೀಳಿಗೆಯ ಕಾರುಗಳ ಕಾಯಿಲೆ ಹಿಂದಿನವುಗಳಂತಲ್ಲ. ಕಾಮನ್ ರೈಲ್ ಎಂಬ ಪದ್ಧತಿಯಲ್ಲಿ ಒತ್ತಡ ಹಲವು ಪಟ್ಟು ಹೆಚ್ಚು, ಇಂಜೆಕ್ಟರನ್ನು ಆಳುವುದು ಕಂಪ್ಯೂಟರು. ಪಂಪ್‌ಸೆಟ್ ಕಲಿತ ಕೈಗೆ ಅದು ಬಗ್ಗುವುದಿಲ್ಲ. ಟ್ಯಾಂಕಿನ ತಳದ ನೀರು ಒಮ್ಮೆ ಒಳಗೆ ಹೋದರೆ ಸಾಕು, ಹೊಸ ಇಂಜೆಕ್ಟರು ಒಂದೊಂದಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಬೆಲೆ, ಅಂಥವು ನಾಲ್ಕು. ಟರ್ಬೊ ಹೋದರೆ ಇನ್ನೂ ಹೆಚ್ಚು.

ಇಬ್ಬರಲ್ಲಿ ಮೊದಲನೆಯವನು ಹೂವಿನ ವ್ಯಾಪಾರದ ಮೇಲೆ ದಿನವೂ ಬೆಂಗಳೂರು, ಚಿಕ್ಕಬಳ್ಳಾಪುರ ಎಂದು ವರ್ಷಕ್ಕೆ 25,000 ಕಿಲೋಮೀಟರು ಓಡಾಡುವವನು. ಎರಡನೆಯವನು ಶಾಲೆಯ ಗುಮಾಸ್ತ, ಮದುವೆ, ಆಸ್ಪತ್ರೆ, ವರ್ಷಕ್ಕೊಮ್ಮೆ ಧರ್ಮಸ್ಥಳ, ಹೆಚ್ಚೆಂದರೆ 6,000 ಕಿಲೋಮೀಟರು. 2025ರ ಬೆಂಗಳೂರಿನ ದರದಲ್ಲಿ ಡೀಸೆಲು ಸುಮಾರು 91 ರೂಪಾಯಿ, ಪೆಟ್ರೋಲು ಸುಮಾರು 103. ಡೀಸೆಲಿಗೆ 18, ಪೆಟ್ರೋಲಿಗೆ 15 ಮೈಲೇಜು ಹಿಡಿದರೆ ಗುಮಾಸ್ತನಿಗೆ ವರ್ಷಕ್ಕೆ ಎಣ್ಣೆಯಲ್ಲಿ ಉಳಿಯುವುದು ಹನ್ನೊಂದು ಸಾವಿರದ ಒಳಗೆ. ಒಂದೇ ಒಂದು ಇಂಜೆಕ್ಟರು ಅದನ್ನು ನುಂಗುತ್ತದೆ. ಹೂವಿನವನಿಗೆ ಉಳಿಯುವುದು 45,000 ರೂಪಾಯಿಯ ಹತ್ತಿರ. ಅವನು ವರ್ಷಕ್ಕೊಂದು ದೊಡ್ಡ ರಿಪೇರಿ ಬಂದರೂ ತಡೆದುಕೊಳ್ಳಬಲ್ಲ. 'ಸಾರ್, ಹಾಗಾದ್ರೆ ಒಂದೇ ಕಾರು ನನಗೆ ನಷ್ಟ, ಅವನಿಗೆ ಲಾಭಾನಾ?' ಎಂದ ಗುಮಾಸ್ತ. ಹೌದು ಎಂದೆ. ಹೂವಿನವನು ದೇವನಹಳ್ಳಿಯ ಆರ್‌ಟಿಒ ಕಚೇರಿಗೆ ಹೋಗಿ ನವೀಕರಣ ಮಾಡಿಸಿಕೊಂಡ. ಗುಮಾಸ್ತನ ಕಾರನ್ನು ಚಿಂತಾಮಣಿ ಕಡೆಯ ಟೊಮೆಟೊ ವ್ಯಾಪಾರಿಯೊಬ್ಬರು ನೋಡಿ ಒಪ್ಪಿದರು. ಫಿಲ್ಟರಿನಲ್ಲಿ ನಿಂತ ನೀರನ್ನು ಹೊರಬಿಡುವ ತಿರುಪು ಎಲ್ಲಿದೆ, ಎಷ್ಟು ದಿನಕ್ಕೊಮ್ಮೆ ತಿರುಗಿಸಬೇಕು ಎಂಬುದನ್ನು ಅವರಿಗೆ ತೋರಿಸಿಯೇ ಕೀಲಿಕೈ ಕೊಟ್ಟನಂತೆ.